ಐದಕ್ಕೆ ಐದು

ಹಡಪಸರದ ಒಂದು ನರ್ಸಿಂಗ್ ಕಾಲೇಜಿನಲ್ಲಿ ಔಷಧದ ಡೋಸ್ ಲೆಕ್ಕ ಕಲಿಸುತ್ತಿದ್ದ ಅನುಸೂಯಾ, ಪರೀಕ್ಷೆಯಲ್ಲಿ ಒಂದು ಸೊನ್ನೆ ತಪ್ಪಿದರೂ ನಪಾಸು ಮಾಡುತ್ತಿದ್ದಳು. ವಿದ್ಯಾರ್ಥಿನಿಯರು ಫೀಡ್‌ಬ್ಯಾಕಿನಲ್ಲಿ ಅವಳಿಗೆ ಐದಕ್ಕೆ ಎರಡು ಕೊಟ್ಟರು. ಇನ್ನೊಮ್ಮೆ ಹೀಗಾದರೆ ನೌಕರಿ ಉಳಿಯುವುದಿಲ್ಲ ಎಂದು ಪ್ರಿನ್ಸಿಪಾಲರು ಗದರಿಸಿದ ಮೇಲೆ ಅವಳು ಆ ಪರೀಕ್ಷೆಯನ್ನೇ ಕೈಬಿಟ್ಟಳು.

ಎರಡು ವರ್ಷದ ನಂತರ ಅವಳೇ ರಕ್ತದಲ್ಲಿ ಸಕ್ಕರೆ ಏರಿ ಆಸ್ಪತ್ರೆ ಸೇರಿದಳು. ಇನ್ಸುಲಿನ್ ಸಿರಿಂಜು ಹಿಡಿದು ಬಂದ ನರ್ಸು ಅವಳ ಕೈಕೆಳಗೇ ಕಲಿತ ಆರತಿ.

“ಡೋಸಿನ ಲೆಕ್ಕ ಮಾಡ್ಲಿಕ್ಕೆ ಬರ್ತದಲ್ಲಾ ನಿನಗ?” ಎಂದಳು ಅನುಸೂಯಾ.

ಆರತಿ ನಕ್ಕಳು. “ಅದನ್ನ ನೀವು ಕೇಳ್ಲೇ ಇಲ್ಲಲ್ರಿ ಮೇಡಂ. ಅದಕ್ಕ ನಾವೆಲ್ಲಾ ನಿಮಗ ಐದಕ್ಕ ಐದು ಕೊಟ್ಟಿದ್ವಿ.”

ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿ ತೋಳಿಗೆ ತಣ್ಣಗೆ ತಾಗಿತು. ಅನುಸೂಯಾ ಸಿರಿಂಜಿನ ಗೆರೆಗಳನ್ನು ಎಣಿಸಲು ಕಣ್ಣು ಕಿರಿದು ಮಾಡಿದಳು. ಕನ್ನಡಕ ಮನೆಯಲ್ಲೇ ಉಳಿದಿತ್ತು.