ಮೂರನೆಯ ಮೊಳೆ

ಬೆರಳ ತುದಿ ಹಳದಿ, ಸಿಲ್ಕೆ ಇನ್ನೂ ಅದನ್ನು ನೋಡಿಕೊಂಡಿಲ್ಲ, ಕೈ ಗಾಡಿಯ ಕಿಟಕಿಯ ಗಾಜಿಗೆ ಆನಿದೆ, ಗಾಜಿನಾಚೆ ತೊಗರಿ ಹೊಲ, ಮತ್ತೆ ತೊಗರಿ ಹೊಲ, ಅಕ್ಕಲಕೋಟ ದಾಟಿ ಹತ್ತು ನಿಮಿಷವಾಯಿತು, ಸೋಲಾಪುರದಲ್ಲಿ ರೈಲು ಹತ್ತಿದರೆ ಸಿಲ್ಕೆ ಮುಂಬೈ, ಆಮೇಲೆ ಜರ್ಮನಿ, ಆಮೇಲೆ ಅವಳ ಹಳ್ಳಿ, ಹೇಳುವುದಿದ್ದರೆ ಉಳಿದ ಈ ದಾರಿಯಲ್ಲೇ ಹೇಳಬೇಕು — ಹೇಳುವುದೇನು, ಅಜ್ಜಿಯ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಕೊಟ್ಟಾಯಿತಲ್ಲ, ನನ್ನನ್ನು ಕರೆದದ್ದೇ ಅಷ್ಟಕ್ಕೆ, ಮನೆಯಲ್ಲಿ ಬಿ.ಎ. ಆದವಳು ನಾನೊಬ್ಬಳೇ. ನಲವತ್ತಾರು ವರ್ಷದ ಹಿಂದೆ ಅನಾಥಾಲಯವೊಂದು ಜರ್ಮನಿಯ ಬಡಗಿ ದಂಪತಿಗೆ ಕೊಟ್ಟ ಕೂಸು ಇವಳು, ಕೈಯಲ್ಲಿ ಒಂದೇ ಹಾಳೆ, ಹೆಣ್ಣು, ಎರಡು ತಿಂಗಳು, ತಾಯಿ ಚಂದ್ರಭಾಗಾ, ಊರು ತಡವಳ. ಊರು ನಮ್ಮದೇ, ಹೆಸರೂ ನನ್ನ ಅಜ್ಜಿಯದೇ, ಅಜ್ಜಿ ಹಾಳೆಯನ್ನು ಮುಟ್ಟಲೂ ಇಲ್ಲ. ಊರಾಗ ಚಂದ್ರಭಾಗಾ ಅನ್ನೋರು ನಾಕ ಮಂದಿ ಅದೀವವ್ವಾ, ಯಾರ್ದೋ ಏನೋ, ನಂದೂ ಆಗ ಒಂದ ಹೆಣ್ಣಕೂಸ ಇತ್ತು, ಜ್ವರ ಬಂದು ಸತ್ತ ಹೋತು, ಹಂಗ ಹೇಳ ಆಕಿಗಿ. ಗೊಲ್ಲಾಳಪ್ಪ ಕಾಕಾ ಕಂಬಕ್ಕೆ ಒರಗಿ, ಹೊಲದಾಗ ಪಾಲ ಕೇಳಾಕ ಬಂದಾಳೇನ ಕೇಳ ಕಾಂಚನಾ, ಬೇಕಂದ್ರ ಆ ಕಲ್ಲಿನ ಪಟ್ಟಿ ಕೊಡೂಣು, ಅಂದು ತಾನೇ ನಕ್ಕ, ಅಜ್ಜಿ ನಗಲಿಲ್ಲ, ನೀ ಎದ್ದ ಹೊರಗ ಹೋಗೋ ಅಂದಳು. ಈ ಚಂದ್ರಭಾಗಾಳ ಮಗು ಸತ್ತಿತು ಎಂದು ನಾನು ತಿರುಗಿಸಿ ಹೇಳಿದೆ, ಸಿಲ್ಕೆ ತಲೆಯಾಡಿಸಿದಳು, ನೋಡಿ ಹೋಗೋಣವೆಂದು ಬಂದೆ ಅಷ್ಟೇ, ನನಗೆ ಊರಿದೆ, ಮನೆಯಿದೆ ಎಂದು ಫೋನು ತೆಗೆದಳು — ಮರದ ತೊಲೆಗಳ ಹಳೆಯ ಮನೆ, ಇಳಿಜಾರು ಮಾಡು, ಬಾಗಿಲ ಮೇಲಿನ ತೊಲೆಯಲ್ಲಿ ಏಳು ತಲೆಮಾರಿನ ಹೆಸರು, ಕೊನೆಯದು ಇವಳದು, ಇವಳಿಗೆ ಎರಡು ವರ್ಷವಾದಾಗ ಸಾಕಿದ ಅಪ್ಪ ಉಳಿ ಹಿಡಿದು ಕೆತ್ತಿದ್ದಂತೆ, ಊರವರು ಏನನ್ನುತ್ತಾರೋ ಎಂದು ನೋಡದೆ. ಅಜ್ಜಿ ಫೋನಿನ ಗಾಜನ್ನು ಸೆರಗಿನಿಂದ ಒರೆಸಿದಳು, ಇದರಾಗ ಇಕಿ ಹೆಸರ ಯಾವ್ದು ಅಂದಳು, ತೋರಿಸಿದೆ, ಓದಲು ಬಾರದವಳು ಅದರ ಮೇಲೆ ಹೆಬ್ಬೆರಳಿಟ್ಟಳು, ಚಲೋ ಆತು ಬಿಡು, ಕಟಗ್ಯಾಗ ಕೆತ್ತ್ಯಾರ, ಇದನ್ನ ಕೀಳಾಕ ಬರಂಗಿಲ್ಲ. ಏನಂದರು ಎಂದು ಸಿಲ್ಕೆ ಕೇಳಿದಳು, ಮನೆ ಚೆನ್ನಾಗಿದೆ ಅಂದರು ಎಂದೆ, ಇಡೀ ದಿನದಲ್ಲಿ ನಾನು ತಪ್ಪಾಗಿ ತಿರುಗಿಸಿದ್ದು ಅದೊಂದನ್ನೇ.

ಕೀಳಾಕ ಬರಂಗಿಲ್ಲ — ಕಿತ್ತವಳಲ್ಲದೆ ಇನ್ನಾರು ಹಾಗೆ ಹೇಳುತ್ತಾರೆ. ನಮ್ಮ ಮನೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕಿದ ದಿನ ಕಂಬಾರ ಬಂದು ಹೊಸ್ತಿಲಿಗೊಂದು ದಪ್ಪ ಹಿತ್ತಾಳೆ ಮೊಳೆ ಹೊಡೆಯುತ್ತಾನೆ, ಅಜ್ಜಿಯ ಮಕ್ಕಳ ಸಾಲಿನಲ್ಲಿ ಮೊದಲನೆಯದು ಸೋದರತ್ತೆಯದು, ನಾಲ್ಕನೆಯದು ಅಪ್ಪನದು, ಐದನೆಯದು ಕಾಕಾನದು, ಎರಡನೆಯದು ಮತ್ತು ಆರನೆಯದು ಕೂಸಿದ್ದಾಗಲೇ ಸತ್ತವರವು, ಸತ್ತರೂ ಮೊಳೆ ಕೀಳುವುದಿಲ್ಲ, ಹುಟ್ಟಿದ್ದು ಸುಳ್ಳಲ್ಲವಲ್ಲ. ಮೂರನೆಯ ಜಾಗದಲ್ಲಿ ತೂತು. ಮಂಗಳವಾರ, ಶುಕ್ರವಾರ ಹೊಸ್ತಿಲು ತೊಳೆದು ಅರಿಶಿನ ಹಚ್ಚುವಾಗ ಅಜ್ಜಿ ಅಲ್ಲಿ ತಡೆಯುತ್ತಿದ್ದಳು, ಹೆಬ್ಬೆರಳಿನಿಂದ ಅರಿಶಿನವನ್ನು ತೂತಿನೊಳಗೆ ಒತ್ತುತ್ತಿದ್ದಳು, ಶಾಲೆಗೆ ಹೋಗುವ ವಯಸ್ಸಿನ ನಾನು, ಇಲ್ಲಿ ಯಾರ ಮೊಳಿ ಇತ್ತು ಆಯಿ ಎಂದರೆ ಅಜ್ಜಿ, ಹುಳ ತಿಂದದ ಸುಮ್ಮ ಕೂಡು ಅನ್ನುವಳು, ಹುಳ ತಿಂದ ತೂತು ಅಷ್ಟು ದುಂಡಗಿರುತ್ತದೆಯೇ, ಕೇಳಲಿಲ್ಲ, ನಮ್ಮಲ್ಲಿ ಯಾರೂ ಎರಡನೆಯ ಸಲ ಕೇಳುವುದಿಲ್ಲ. ಕೂಸನ್ನು ಯಾಕೆ ಕೊಟ್ಟಳು, ಅಜ್ಜ ಕೊಡಿಸಿದನೋ, ಗೊತ್ತಿಲ್ಲ, ಅಜ್ಜ ಸತ್ತು ಹೋದ. ಈಗ ಹೇಳಿದರೆ ಎಪ್ಪತ್ತು ದಾಟಿದ ಅಜ್ಜಿಯನ್ನು ಸುಳ್ಳುಗಾರ್ತಿ ಮಾಡಿದ ಹಾಗೆ, ಹೇಳದಿದ್ದರೆ ಇವಳು ತಾನು ಇನ್ಯಾರದೋ ಕೂಸೆಂದು ತಿಳಿದು ಹೋಗುತ್ತಾಳೆ, ಮತ್ತೆ ಬರುವುದಿಲ್ಲ. ಇವತ್ತು ಶುಕ್ರವಾರ. ಹೊರಡುವಾಗ ಸಿಲ್ಕೆ ಹೊಸ್ತಿಲ ಬಳಿ ಕುಕ್ಕರುಗಾಲಲ್ಲಿ ಕೂತಳು, ಎಷ್ಟು ಚೆಂದ ಎಂದು ಮೊಳೆಗಳ ಮೇಲೆ ಬೆರಳಾಡಿಸಿದಳು, ಒಂದು, ಎರಡು, ಬೆರಳು ತೂತಿಗೆ ಇಳಿದು ನಿಂತಿತು, ಒಳಗೆ ನಿಂತ ಅಜ್ಜಿ ಇವಳ ಮುಖ ನೋಡಲಿಲ್ಲ, ಬೆರಳನ್ನೇ ನೋಡಿದಳು. ದಾರಿಯಲ್ಲಿ ವಳಸಂಗ ಊರು ಬಂತು. ಸಿಲ್ಕೆ ಈಗ ಕೈ ತಿರುಗಿಸಿ ನೋಡಿದಳು, ಏನೋ ಕೊಳೆ ಎಂದುಕೊಂಡಿರಬೇಕು, ಚೀಲದಿಂದ ಒದ್ದೆ ಕಾಗದ ತೆಗೆದಳು, ನಾನು ಅವಳ ಮಣಿಕಟ್ಟು ಹಿಡಿದೆ, ಬ್ಯಾಡ ಅಂದೆ, ಕನ್ನಡದಲ್ಲೇ, ಗಾಡಿ ಹೊಡೆಯುತ್ತಿದ್ದ ಕಾಕಾನ ಮಗ ಅಮೋಲ್ ಕನ್ನಡಿಯಲ್ಲಿ ನೋಡಿ, ಕಾಯ ಝಾಲಂ, ಏನಾತ ಅಕ್ಕಾ, ವಾಂತಿ ಬಂತೇನ ಆಕಿಗಿ, ನಿಂದರಸ್ಲಿ? ನಿಂದರಸು ಅಂದೆ. ಸಿಲ್ಕೆ ಕೈ ಬಿಡಿಸಿಕೊಳ್ಳಲಿಲ್ಲ, ನನ್ನ ಮಾತಿಗೆ ಕಾಯುತ್ತಿದ್ದಾಳೆ, ಮೊದಲ ಮಾತು ಯಾವುದು, ಮೊಳೆಯಿಂದ ಹೇಳಲೇ, ಅಜ್ಜಿಯಿಂದ ಹೇಳಲೇ — ಬೆರಳ ತುದಿ ಹಳದಿ, ಉಗುರಿನ ಸಂದಿಯಲ್ಲಿ ಇನ್ನೂ ಹಸಿ, ಹಳದಿ.