ದೃಷ್ಟಿಗೆ ಕಟ್ಟಿದ ಬೂಟು

“ದೃಷ್ಟಿಗೆ ಕಟ್ಟಕ್ಕೆ ನನ್ ಬೂಟೇ ಬೇಕಾಗಿತ್ತಾ ಅಪ್ಪಾ? ಮನೇಲಿ ಅಷ್ಟೊಂದು ಹಳೇ ಚಪ್ಲಿ ಬಿದ್ದವೆ!”

“ಅದ್ಯಾವ ಸೀಮೆ ಹೊಸದು? ತುದಿಯೆಲ್ಲ ಸವೆದೋಗದೆ. ಎಸ್ದಿದ್ದೀಯೇನೋ ಅನ್ಕಂಡೆ ಕಣಮ್ಮಿ.”

“ಅದು ಇರೋದೇ ಅಂಗೆ!”

ಪರಮೇಶ ಕುಂತೂರಿನ ಕಾರ್ಖಾನೆಗೆ ಕಬ್ಬು ಹಾಕಿ ಬಂದು ಟ್ರಾಕ್ಟರಿನಿಂದ ಇನ್ನೂ ಇಳಿದಿರಲಿಲ್ಲ. ಮಗಳು ಭವ್ಯ ಉಳಿದ ಒಂಟಿ ಬೂಟು ಹಿಡಿದು ಜಗಲಿಯ ಮೇಲೆ ನಿಂತಿದ್ದಳು. ಮೈಸೂರಿನಲ್ಲಿ ಓದುವ ಹುಡುಗಿ, ಅಲ್ಲೇ ರಾಕ್ ಬ್ಯಾಂಡೊಂದರಲ್ಲಿ ಹಾಡುತ್ತಿದ್ದಳು. ಅವತ್ತು ಸಂಜೆ ಮೈಸೂರಿನಲ್ಲಿ ಅವಳ ಮೊದಲ ಕಾರ್ಯಕ್ರಮ. ಕಪ್ಪು ಅಂಗಿ, ಮಂಡಿ ಹರಿದ ಕಪ್ಪು ಪ್ಯಾಂಟು, ಸೊಂಟಕ್ಕೆ ಸರಪಣಿ. ಕಾಲು ಮಾತ್ರ ಬರಿದು.

“ನನ್ ಮುತ್ತಿನ ಚಪ್ಲಿ ಮೆಟ್ಕಂಡೋಗು ಕೂಸು,” ಅಂದಳು ತಾಯಿ ಮಾಲಿನಿ.

“ಮ್ಯಾಲೆ ರಾಕು, ಕೆಳಗೆ ಬೀಗರೂಟನಾ ಅವ್ವಾ? ನೋಡ್ದೋರು ನಗಲ್ವಾ?”

ನಗು. ಅದೇ ಪರಮೇಶನನ್ನು ಕೆಡಿಸಿದ್ದು. ಹಿಂದಿನ ದಿನ ಯಳಂದೂರಿನಿಂದ ಬಂದಿದ್ದ ನೆಂಟರು ಭವ್ಯಳನ್ನು ನೋಡಿ, “ಮಗಳೋ ಮಗನೋ ಭಾವಾ?” ಅಂತ ನಕ್ಕಿದ್ದರು. ಬೂಟು ಇಲ್ಲದಿದ್ದರೆ ಆ ವೇಷವೇ ಕೂರುವುದಿಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಬೆಳಿಗ್ಗೆ ಒಂದನ್ನು ಟ್ರೇಲರ್ ಹಿಂದಕ್ಕೆ ತಂತಿಯಲ್ಲಿ ಕಟ್ಟಿದ್ದ.

ಕಾರ್ಖಾನೆಯ ಸಾಲಿನಲ್ಲಿ ನಿಂತಾಗ ಬೂಟು ತಲೆಕೆಳಗಾಗಿ ತೂಗಾಡುತ್ತಿತ್ತು. ಅದರೊಳಗಿಂದ ಬಟ್ಟೆಯ ಉಂಡೆಯೊಂದು ಇಣುಕಿತ್ತು. ಎಳೆದು ನೋಡಿದರೆ ಮಾಲಿನಿಯ ಹಳೇ ಸೀರೆಯ ಚೂರು. ದೊಡ್ಡ ಅಳತೆಯದು ಸಿಕ್ಕಿದ್ದಕ್ಕೆ ಮಗಳು ತುದಿಗೆ ತುರುಕಿಕೊಂಡಿದ್ದಳು. ಅವನು ಚೂರನ್ನು ಮತ್ತೆ ಒಳಗೆ ತುರುಕಿದ. ಬಿಚ್ಚಿ, ಧೂಳು ಒರೆಸಿ, ಟೂಲ್ ಬಾಕ್ಸಿನಲ್ಲಿಟ್ಟು ಬೀಗ ಹಾಕಿದ್ದ. ಮನೆಗೆ ಹೋದ ತಕ್ಷಣ ಕೊಟ್ಟುಬಿಡಬೇಕು ಅಂತಲೇ ಬಂದಿದ್ದ.

“ಬೂಟು ಈಗ ಎಲ್ಲದೆ ಯೋಳು,” ಅಂದಳು ಭವ್ಯ.

ಬೀಗದ ಕೈ ಜೇಬಿನಲ್ಲೇ ಇತ್ತು. ಆದರೆ ಎದುರು ಜಗಲಿಯಲ್ಲಿ ಕೂತಿದ್ದ ಊರವರ ಮುಂದೆ ಮಗಳು ದನಿ ಎತ್ತಿ ಕೇಳಿದ್ದಕ್ಕೆ ಪಿತ್ತ ನೆತ್ತಿಗೇರಿತು.

“ದಾರೀಲಿ ಬಿದ್ದೋಯ್ತು! ಏನೀಗ?”

ಭವ್ಯ ಅವನ ಮುಖವನ್ನೇ ನೋಡಿದಳು. ಕೈಯಲ್ಲಿದ್ದ ಬೂಟನ್ನು ಮೆಲ್ಲಗೆ ಟ್ರಾಕ್ಟರಿನ ಚಕ್ರದ ಹತ್ತಿರ ಇಟ್ಟಳು.

“ಇದ್ನೂ ಕಟ್ಕೊ.”

ಅವ್ವನ ನೀಲಿ ಹವಾಯಿ ಚಪ್ಪಲಿ ಮೆಟ್ಟಿ, ಚೀಲ ಹೆಗಲಿಗೆ ಹಾಕಿ ನಡೆದಳು. ಪರಮೇಶ ಟ್ರಾಕ್ಟರಿನಿಂದ ಧುಮುಕಿದ. ಅವನು ಟೂಲ್ ಬಾಕ್ಸ್ ತೆರೆದು, ಎರಡು ಬೂಟನ್ನೂ ಎದೆಗವಚಿಕೊಂಡು ರಸ್ತೆಗೆ ಓಡುವಷ್ಟರಲ್ಲಿ ಮೈಸೂರಿಗೆ ಹೋಗುವ ಕೊಳ್ಳೇಗಾಲದ ಬಸ್ಸು ತಿರುವು ದಾಟಿತ್ತು.

ಅವಳು ಯುಗಾದಿಗೂ ಬರಲಿಲ್ಲ.