ಸುಗುಣ ಹೆಣೆದ ಬಲೆ

ನಾನು ಒಂದು ಸೈಕಲ್. ಹೆಂಗಸರ ಸೈಕಲ್ ಎಂದರೆ ಇನ್ನೂ ಸರಿ. ಈಗ ಬೀದಿಯಲ್ಲಿ ಓಡಾಡುವ ಸೈಕಲ್ಲುಗಳನ್ನು ನೋಡಿ ನನ್ನನ್ನು ಅಳೆಯಬೇಡಿ. ಅವಕ್ಕೆ ಮಡ್‌ಗಾರ್ಡೂ ಇಲ್ಲ, ಮರ್ಯಾದೆಯೂ ಇಲ್ಲ. ಮಳೆ ಬಂದರೆ ಕೆಸರೆಲ್ಲ ಹತ್ತಿದವರ ಬೆನ್ನಿಗೆ. ನಾನು ಬೇರೆ ಕಾಲದವಳು.

ಹುಟ್ಟಿದ್ದು ಸಮುದ್ರದಾಚೆಯ ಯಾವುದೋ ಕಾರ್ಖಾನೆಯಲ್ಲಂತೆ. ನನಗೆ ನೆನಪಿರುವುದು ಮೈಸೂರಿನ ಅಂಗಡಿಯಿಂದ ಈಚೆಗೆ. ಮರದ ಪೆಟ್ಟಿಗೆಯಿಂದ ಬಿಡಿಬಿಡಿಯಾಗಿ ತೆಗೆದು, ಸುತ್ತಿದ್ದ ಎಣ್ಣೆಕಾಗದ ಬಿಚ್ಚಿ, ಜೋಡಿಸಿ ಬಾಗಿಲಲ್ಲಿ ನಿಲ್ಲಿಸಿದರು. ಕಡುಹಸಿರು ಮೈ, ಅದರ ಮೇಲೆ ಕೂದಲೆಳೆಯಷ್ಟು ಸಣ್ಣ ಚಿನ್ನದ ಗೆರೆ. ಸೀರೆ ಉಟ್ಟವರು ಹತ್ತಲು ಅನುಕೂಲವಾಗಲೆಂದು ಹಂಸದ ಕೊರಳಿನಂತೆ ಬಾಗಿದ ಚೌಕಟ್ಟು. ಚೈನನ್ನು ಪೂರ್ತಿ ಮುಚ್ಚುವ ಪೆಟ್ಟಿಗೆ, ಸ್ಪ್ರಿಂಗಿನ ತೊಗಲು ಸೀಟು, ಚಕ್ರ ತಿರುಗಿದರೆ ತಾನೇ ಉರಿಯುವ ದೀಪ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಹೌದು, ನನಗೆ ಸ್ವಲ್ಪ ಜಂಭ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಜಂಭ ಅನ್ನುವುದಾದರೆ ಅನ್ನಿ.

ನನ್ನನ್ನು ಕೊಂಡವಳು ವಿಮಲಾಂಬ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಚಾಮುಂಡಿಪುರದ ಮನೆಯಿಂದ ಕೆಲಸಕ್ಕೆ ನನ್ನ ಮೇಲೆ ಹೊರಟರೆ, ಬೀದಿಯ ಹೆಂಗಸರು ಬಾಗಿಲಿಗೆ ಬಂದು ಮೂಗು ಮುರಿಯುತ್ತಿದ್ದರು. ಅವಳು ಬೆಲ್ಲು ಬಾರಿಸಿಕೊಂಡು ಹೋಗುತ್ತಿದ್ದಳು, ಅಷ್ಟೆ.

ಅವಳ ತಂಗಿ ಸುಗುಣ. ಚಿಕ್ಕಂದಿನಲ್ಲಿ ಜ್ವರ ಬಂದು ಒಂದು ಕಾಲು ಸೋತಿತ್ತು. ನಡೆದರೆ ಬೇಗ ದಣಿಯುತ್ತಿದ್ದಳು, ಮಾತಿಗೆ ಮಾತ್ರ ದಣಿವೇ ಇರಲಿಲ್ಲ. ದಿನಾ ಬೆಳಿಗ್ಗೆ ಅಕ್ಕ ಅವಳನ್ನು ನನ್ನ ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಹೊಲಿಗೆ ಕ್ಲಾಸಿಗೆ ಬಿಡುತ್ತಿದ್ದಳು. ಸುಗುಣ ಹಿಂದೆ ಕೂತು ಅರಮನೆಯ ರಸ್ತೆಯುದ್ದಕ್ಕೂ ಕಂಡಕಂಡವರನ್ನೆಲ್ಲ ಆಡಿಕೊಳ್ಳುವಳು. "ಅಕ್ಕಾ, ನೋಡೇ ಆ ಟೋಪಿಯವ್ರನ್ನ, ಕೊಡೇನ ಕಂಕುಳಲ್ಲಿಟ್ಕೊಂಡು ಮಳೇಲಿ ನೆನೀತಿದಾರೆ!" ವಿಮಲಾಂಬ ನಕ್ಕು ನಕ್ಕು ಹ್ಯಾಂಡಲ್ ಅಲ್ಲಾಡಿಸಿದರೆ ನನಗೆ ಜೀವ ಹೋದಂತಾಗುತ್ತಿತ್ತು.

ಒಂದು ದಿನ ಮಾರ್ಕೆಟ್ಟಿನ ಎದುರು ಸುಗುಣಳ ಸೀರೆಯ ಸೆರಗು ನನ್ನ ಹಿಂದಿನ ಚಕ್ರಕ್ಕೆ ಸಿಕ್ಕಿತು. ಇಬ್ಬರೂ ಬಿದ್ದರು. ಮೊಣಕೈ ತರಚಿದ್ದು ದೊಡ್ಡದಲ್ಲ. ಅಷ್ಟು ಜನರ ಮುಂದೆ ಸೀರೆ ಹರಿದು ನಿಂತದ್ದು ಸುಗುಣಳಿಗೆ ತಡೆಯಲಾಗಲಿಲ್ಲ. ಮನೆಗೆ ಬಂದು ಅತ್ತಳು. "ನಾನು ಇನ್ಮೇಲೆ ಬರಲ್ಲ. ನನ್ನಿಂದ ನಿನ್ನ ಮಾನವೂ ಹೋಯ್ತು" ಅಂದಳು. ಮರುದಿನ ಅಕ್ಕ ಕೆಲಸಕ್ಕೆ ನಡೆದೇ ಹೋದಳು.

ಅಕ್ಕ ಅತ್ತ ಹೋದದ್ದೇ ತಡ, ಸುಗುಣ ನನ್ನನ್ನು ತಳ್ಳಿಕೊಂಡು ಬೀದಿಯ ಕೊನೆಯ ಸೈಕಲ್ ರಿಪೇರಿ ಅಂಗಡಿಗೆ ಹೋದಳು. ಹಿಂದಿನ ಮಡ್‌ಗಾರ್ಡಿನ ಎರಡೂ ಅಂಚಿಗೆ ಸಾಲಾಗಿ ಸಣ್ಣ ತೂತು ಹಾಕಿಸಿದಳು. ಮನೆಗೆ ತಂದು ಜಗಲಿಯಲ್ಲಿ ನನ್ನನ್ನು ತಲೆಕೆಳಗು ನಿಲ್ಲಿಸಿ, ಪಕ್ಕದಲ್ಲಿ ಕಾಲು ಚಾಚಿ ಕೂತಳು. ಕೆಂಪು ಹತ್ತಿಯ ದಾರ ತೆಗೆದುಕೊಂಡು ಮಡ್‌ಗಾರ್ಡಿನಿಂದ ಚಕ್ರದ ನಡುವಿನವರೆಗೆ ಬಲೆ ಹೆಣೆದಳು, ಆ ಬದಿಗೊಂದು ಈ ಬದಿಗೊಂದು. ಸುಗುಣ ಎಡಚಿ. ಅಮ್ಮನ ಕೈಲಿ ಎಷ್ಟು ಪೆಟ್ಟು ತಿಂದರೂ ಆ ಕೈ ಬದಲಾಗಿರಲಿಲ್ಲ. ಅವಳು ಹಾಕಿದ ಗಂಟೂ ಎಡಕ್ಕೇ ತಿರುಗುತ್ತಿತ್ತು. ಒಂದೊಂದು ಗಂಟು ಬಿಗಿದಾಗಲೂ "ಹ್ಞೂಂ, ಇನ್ನು ಎಳೀ ನೋಡೋಣ" ಎಂದು ನನ್ನ ಚಕ್ರಕ್ಕೆ ಹೇಳುವಳು. ನನಗೆ ಅಂಥ ಒಡವೆ ಯಾವ ಕಾರ್ಖಾನೆಯವರೂ ಹಾಕಿರಲಿಲ್ಲ.

ಸಂಜೆ ಬಂದ ವಿಮಲಾಂಬ ನೋಡಿದಳು. ತಂಗಿಯನ್ನು ಹಿಂದೆ ಕೂರಿಸಿಕೊಂಡು ಊರೆಲ್ಲ ಒಂದು ಸುತ್ತು ಹಾಕಿದಳು.

ಎರಡು ಮಳೆಗಾಲ ಕಳೆದ ಮೇಲೆ ಸುಗುಣಳಿಗೆ ಕಾಮಾಲೆ ಆಯಿತು. ಆಸ್ಪತ್ರೆಗೂ ನನ್ನ ಮೇಲೆಯೇ ಹೋದಳು. ಅಂದು ಅವಳು ಯಾರನ್ನೂ ಆಡಿಕೊಳ್ಳಲಿಲ್ಲ, ಅಕ್ಕನ ಬೆನ್ನಿಗೆ ತಲೆಯಿಟ್ಟು ಕೂತಿದ್ದಳು. ಅಲ್ಲಿಂದ ಅವಳು ವಾಪಸು ಬರಲಿಲ್ಲ. ಅವಳು ಹೋದ ದಿನ ವಿಮಲಾಂಬ ನನ್ನನ್ನು ಹತ್ತದೆ, ಮನೆಯವರೆಗೂ ತಳ್ಳಿಕೊಂಡೇ ಬಂದಳು.

ಸುಗುಣಳದೆಂದು ಆ ಮನೆಯಲ್ಲಿ ಉಳಿದದ್ದು ಕಡಿಮೆ. ಫೋಟೋ ಒಂದೇ ಒಂದು, ಯಾರದೋ ಮದುವೆಯದು. ಅದರಲ್ಲೂ ಅರ್ಧ ಮುಖ ಯಾರದೋ ಪೇಟದ ಹಿಂದೆ. ಹೊಲಿದ ಬಟ್ಟೆಗಳು ಹರಿದುಹೋದವು. ಉಳಿದದ್ದು ನನ್ನ ಚಕ್ರದ ಮೇಲಿನ ಬಲೆ. ವಿಮಲಾಂಬ ಕೆಲಸಕ್ಕೆ ಹೊರಡುವ ಮುಂಚೆ ಆ ಗಂಟುಗಳ ಮೇಲೆ ಒಮ್ಮೆ ಬೆರಳಾಡಿಸುವಳು. ಆಯುಧ ಪೂಜೆಯ ದಿನ ಊರಿನವರೆಲ್ಲ ಹ್ಯಾಂಡಲ್ಲಿಗೆ ಕುಂಕುಮ ಇಟ್ಟರೆ, ಅವಳು ಮೊದಲು ಬಲೆಗೆ ಇಡುವಳು. ಮದುವೆ ಮಾಡಿಕೊಳ್ಳಲಿಲ್ಲ. ರಿಟೈರಾದಳು. ಮಂಡಿನೋವು ಬಂದ ಮೇಲೆ ನನ್ನನ್ನು ಜಗಲಿಯಲ್ಲಿ ನಿಲ್ಲಿಸಿದಳು. ಆಮೇಲೆ ಕಣ್ಣಿಗೂ ಮಬ್ಬು ಕವಿಯಿತು, ಆಪರೇಷನ್ನಿನಿಂದಲೂ ಸರಿಹೋಗಲಿಲ್ಲ. ಆ ಅರ್ಧ ಮುಖದ ಫೋಟೋವೂ ಅವಳ ಪಾಲಿಗೆ ಇಲ್ಲವಾಯಿತು. ಬೆಳಿಗ್ಗೆ ಎದ್ದು ಗೋಡೆ ಹಿಡಿದು ಬಂದು ಬಲೆ ಮುಟ್ಟುವುದು ಮಾತ್ರ ತಪ್ಪಲಿಲ್ಲ.

ಆಗ ಬಂದರು ಹಲ್ಲಿನ ಡಾಕ್ಟರು ಜಯದೇವ. ವಿಮಲಾಂಬಳ ಕಟ್ಟುಹಲ್ಲನ್ನು ಮನೆಗೇ ತಂದುಕೊಡಲು ಬಂದವರು, ನನ್ನನ್ನು ನೋಡಿ ಹಲ್ಲಿನ ಡಬ್ಬಿ ಹಿಡಿದುಕೊಂಡೇ ಜಗಲಿಯಲ್ಲಿ ಕುಕ್ಕರಗಾಲಲ್ಲಿ ಕೂತುಬಿಟ್ಟರು.

"ಅಮ್ಮಾ, ಇದು ನಿಮ್ಮದಾ? ಅಯ್ಯಯ್ಯೋ, ಏನ್ ಲಕ್ಷಣವಾಗಿದಾಳೆ ನೋಡಿ! ಚೈನ್ ಪೆಟ್ಟಿಗೆ ಕೂಡ ಒರಿಜಿನಲ್ಲು!"

ನನ್ನನ್ನು ಹಾಗೆ ಹೊಗಳಿ ಎಷ್ಟು ಕಾಲವಾಗಿತ್ತು! ಅವರ ಮನೆಯ ಶೆಡ್ಡಿನಲ್ಲಿ ನನ್ನ ವಯಸ್ಸಿನವು ಸಾಲಾಗಿ ನಿಂತಿದ್ದವು. ಹಳೆಯ ಸೈಕಲ್ ಎಂದರೆ ಅವರಿಗೆ ಪ್ರಾಣ. ಆಯುಧ ಪೂಜೆಗೆ ಅವರೂ ಗೆಳೆಯರೂ ಹಳೆಯ ಸೈಕಲ್ಲುಗಳ ಮೆರವಣಿಗೆ ಮಾಡುತ್ತಿದ್ದರು. "ಒಂದು ತಿಂಗಳು ನನ್ನ ಕೈಗೆ ಕೊಡಿ ಅಮ್ಮಾ. ನೀವು ಅಂಗಡಿಯಿಂದ ತಂದ ದಿನ ಹೇಗಿದ್ದಳೋ ಹಾಗೇ ಮಾಡಿ ತಂದು ನಿಲ್ಲಿಸ್ತೀನಿ" ಅಂದರು.

"ನನ್ನ ತಂಗಿ ಕೂತು ಓಡಾಡಿದ ಗಾಡಿ ಕಣಪ್ಪಾ, ಜೋಪಾನ" ಅಂದಳು ವಿಮಲಾಂಬ. ಅಷ್ಟೇ ಹೇಳಿದಳು.

ಡಾಕ್ಟರು ಕೆಟ್ಟವರಲ್ಲ, ಆಣೆ ಮಾಡಿ ಹೇಳುತ್ತೇನೆ. ಹಗಲೆಲ್ಲ ಜನರ ಹಲ್ಲು ನೋಡಿ, ಸಂಜೆ ಬಂದು ನನ್ನ ತುಕ್ಕು ಉಜ್ಜುತ್ತಿದ್ದರು. ಎಲ್ಲಿಂದಲೋ ನನ್ನ ಕಾಲದ ಕ್ಯಾಟಲಾಗ್ ಹುಡುಕಿ ತಂದು ಗೋಡೆಗೆ ಅಂಟಿಸಿದ್ದರು. ಅದರಲ್ಲಿದ್ದ ಚಿತ್ರವೇ ಅವರಿಗೆ ವೇದ. ಚಿತ್ರದಲ್ಲಿ ಇರುವುದೆಲ್ಲ ನನ್ನ ಮೈಮೇಲೆ ಬರಬೇಕು, ಇಲ್ಲದ್ದೆಲ್ಲ ಹೋಗಬೇಕು.

ಚಿತ್ರದಲ್ಲಿ ಬಲೆ ಇರಲಿಲ್ಲ.

"ಇದ್ಯಾರೋ ಆಮೇಲೆ ಕಟ್ಟಿರೋದು. ತೆಗೆದ್ಹಾಕು" ಅಂದರು ಪೇಂಟರ್ ಹನೀಫನಿಗೆ. ಹನೀಫ, ಗಟ್ಟಿ ದಾರ, ಯಾವುದಕ್ಕಾದರೂ ಬರುತ್ತದೆಂದು ಕತ್ತರಿಸದೆ, ಒಂದೊಂದೇ ಗಂಟು ಬಿಚ್ಚಿದ. ಬೇಡ, ಬೇಡ ಎಂದು ನನ್ನ ಚಕ್ರದ ಕಡ್ಡಿಕಡ್ಡಿಯೂ ಒದ್ದಾಡಿತು, ಯಾರಿಗೆ ಕೇಳುತ್ತದೆ? ಸುಗುಣ ಹಾಕಿಸಿದ ತೂತುಗಳನ್ನು ಡಾಕ್ಟರು ತಾವೇ ಕೂತು, ಹುಳುಕು ಹಲ್ಲು ತುಂಬಿಸುವ ಹಾಗೆ ತುಂಬಿಸಿ ನಯ ಮಾಡಿದರು. ಬಣ್ಣ ಹೊಡೆದು ಒಣಗಲು ನನ್ನ ಮಡ್‌ಗಾರ್ಡುಗಳನ್ನು ಸೀಬೆ ಮರಕ್ಕೆ ನೇತುಹಾಕಿದ್ದೂ ಅದೇ ದಾರದಲ್ಲಿ.

ಆಯುಧ ಪೂಜೆಯ ಬೆಳಿಗ್ಗೆ, ಮೆರವಣಿಗೆಗೆ ಮುಂಚೆ, ನನ್ನನ್ನು ಮನೆಗೆ ತಂದರು. ಮೈಯೆಲ್ಲ ಥಳಥಳ. ಎದುರುಮನೆಯವರು ಹೊರಗೆ ಬಂದು "ಅಬ್ಬಾ!" ಅಂದರು. ವಿಮಲಾಂಬ ಸ್ನಾನ ಮಾಡಿ, ಕುಂಕುಮದ ಬಟ್ಟಲು ಹಿಡಿದು, ನಗುನಗುತ್ತಾ ಬಂದಳು. ಬೆರಳಿಗೆ ಕುಂಕುಮ ತೆಗೆದುಕೊಂಡು ನೇರ ಹಿಂದಿನ ಚಕ್ರಕ್ಕೆ ಬಗ್ಗಿದಳು. ಕೈ ಕಡ್ಡಿಗಳ ನಡುವೆ ಆಚೆಗೆ ಹೋಯಿತು. ತಡಕಾಡಿದಳು. ಮೇಲೆ, ಕೆಳಗೆ, ಆ ಬದಿ. ಕುಂಕುಮ ಕಡ್ಡಿಗೆಲ್ಲ ಮೆತ್ತಿತು.

"ಬಲೆ ಎಲ್ಲಪ್ಪಾ?"

"ಅದಾ ಅಮ್ಮಾ? ತೆಗೆಸಿಬಿಟ್ಟೆ. ಅದು ಒರಿಜಿನಲ್ ಅಲ್ಲ."

ಅವಳು ಮೆಟ್ಟಿಲ ಮೇಲೆ ಕೂತಳು. "ನನ್ನ ಸುಗುಣ ಕಟ್ಟಿದ್ದು ಅದು" ಅಂದಳು.

ಡಾಕ್ಟರ ಮುಖ ಬಿಳಿಚಿಕೊಂಡಿತು. "ಒಂದು ಮಾತು ಹೇಳಬಾರದಿತ್ತಾ ಅಮ್ಮಾ?"

"ಕಣ್ಣಿದ್ದವರು ನೀವು. ಕಾಣೋದನ್ನ ಏನಂತ ಹೇಳ್ಲಿ?"

ಅವರು ಓಡಿದರು. ಮೆರವಣಿಗೆ ಬಿಟ್ಟು ಹನೀಫನ ಮನೆಗೆ ಹೋಗಿ ದಾರ ತಂದರು. ದಾರ ಪೂರ್ತಿ ಇತ್ತು, ಗಂಟು ಒಂದೂ ಇರಲಿಲ್ಲ. ತುಂಬಿಸಿದ ತೂತುಗಳನ್ನು ಮತ್ತೆ ಕೊರೆದುಕೊಟ್ಟರು. ವಿಮಲಾಂಬ ಕಟ್ಟಲು ಕೂತಳು. ಬಲಗೈಯಲ್ಲಿ ಕಟ್ಟಿದಳು, ಬಿಚ್ಚಿದಳು. ಎಡಗೈಯಲ್ಲಿ ಕಟ್ಟಿದಳು, ಗಂಟು ಜಾರಿತು. ಸುಗುಣ ಕಟ್ಟುವಾಗ ಅವಳು ಎಕ್ಸ್‌ಚೇಂಜಿನಲ್ಲಿದ್ದಳಲ್ಲ, ಹೇಗೆ ಗೊತ್ತಾಗಬೇಕು?

"ಬೇಡ ಬಿಡಪ್ಪಾ. ಇದು ನನ್ನ ಗಂಟು, ಅವಳದಲ್ಲ" ಎಂದು ಎದ್ದು ಒಳಗೆ ಹೋದಳು. ಡಾಕ್ಟರು ಜಗಲಿಯಲ್ಲಿ ಕೂತು ಅತ್ತರು.

ಮರುದಿನ ಬೆಳಿಗ್ಗೆ ಅವಳು ಮತ್ತೆ ಗೋಡೆ ಹಿಡಿದು ಬಂದಳು. ಅಭ್ಯಾಸದಿಂದ ಕೈ ಮುಂದೆ ಚಾಚಿತು. ಮುಟ್ಟುವ ಮುಂಚೆ ನೆನಪಾಗಿ ಹಿಂದಕ್ಕೆ ಎಳೆದುಕೊಂಡಳು. ಸಾಯುವವರೆಗೂ ದಿನಾ ಹಾಗೆಯೇ ಬಂದಳು, ಹಾಗೆಯೇ ಹೋದಳು. ಆ ಕೈಗೆ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ.

ಈಗ ನಾನು ಡಾಕ್ಟರ ಶೆಡ್ಡಿನ ಮೂಲೆಯಲ್ಲಿದ್ದೇನೆ. ಉಳಿದವುಗಳನ್ನು ಮೆರವಣಿಗೆಗೆ ಕರೆದೊಯ್ಯುತ್ತಾರೆ, ನನ್ನನ್ನು ಒಯ್ಯುವುದಿಲ್ಲ. ನೋಡಲು ಬಂದವರು "ಎಲ್ಲಾ ಚೆನ್ನಾಗಿದೆ, ಮಡ್‌ಗಾರ್ಡಿಗೆ ಈ ತೂತು ಯಾಕೆ?" ಎಂದು ಕೇಳಿದರೆ ಅವರು ಮಾತು ಬದಲಿಸುತ್ತಾರೆ. ಎಲ್ಲರೂ ಹೋದ ಮೇಲೆ ನನ್ನ ಪಕ್ಕ ನೆಲದ ಮೇಲೆ ಕೂತು, ಆ ಕೆಂಪು ದಾರ ತೆಗೆದು ಒಂದು ಗಂಟು ಕಟ್ಟಿ ನೋಡುತ್ತಾರೆ. ಸರಿಹೋಗುವುದಿಲ್ಲ, ಬಿಚ್ಚುತ್ತಾರೆ.

ದಾರವನ್ನು ಮೊದಲು ಕೆಳಗಿನಿಂದ ತರಬೇಕು ಡಾಕ್ಟರೇ. ಎಡಕ್ಕೆ ಒಂದು ಸುತ್ತು. ತುದಿಯನ್ನು ಹಿಂದಿನಿಂದ ತೂರಿಸಿ, ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಆಮೇಲೆ ಎಳೆಯಬೇಕು. ನಾನು ನೋಡಿದ್ದೇನೆ. ನೋಡಿದವಳು ನಾನೊಬ್ಬಳೇ. ನನಗೆ ಕೈಯಿಲ್ಲ.